ಎರಡು ಪಟ್ಟಿಗಳ ನಡುವೆ ನಿಂತವರು

ಶಾಸನವೆಂಬುದು ಮಾತುಗಳಿಂದ ಕಟ್ಟಿದ ಮನೆ. ಅದರಲ್ಲಿ ಯಾರ ಹೆಸರು ಬಂದಿದೆಯೋ ಅವರು ನಡುಮನೆಯಲ್ಲಿ. ಯಾರ ಹೆಸರು ಬಿಟ್ಟುಹೋಗಿದೆಯೋ ಅವರು ಜಗಲಿಯಲ್ಲಿ. ಇಷ್ಟು ಎಲ್ಲರೂ ಬಲ್ಲ ಮಾತು. ಇಂದು ನಾನು ನಿಮ್ಮ ಮುಂದಿಡಬೇಕೆಂದಿರುವ ಸಂಗತಿ ಇದಕ್ಕಿಂತ ಸ್ವಲ್ಪ ತೊಡಕಿನದು. ತಮ್ಮ ಹೆಸರು ಒಂದು ಕಡೆಯಲ್ಲ, ಎರಡು ಕಡೆ ಬರೆದಿದ್ದರೂ ಜಗಲಿಯಲ್ಲಿಯೇ ಉಳಿದುಹೋದ ಜನರ ವೃತ್ತಾಂತವಿದು. ಅವರು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ದುಡಿದು ಬದುಕಿದ ಕಪ್ಪು ಜನಾಂಗದ ಹೆಂಗಸರು.

ಹೈಸ್ಕೂಲಿನ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುವ ಕನ್ನಡ ಪಂಡಿತನಿಗೆ ಅಮೆರಿಕದ ಕಾಯಿದೆಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಈ ವೃತ್ತಾಂತದ ಗಂಟು ಬಿದ್ದಿರುವುದು ಎರಡು ಪದಗಳು ಕೂಡುವ ಜಾಗದಲ್ಲಿ. ಆದ್ದರಿಂದ ವ್ಯಾಕರಣ ಬಲ್ಲವನೂ ಇದರಲ್ಲಿ ಎರಡು ಮಾತು ಆಡಬಹುದೆಂದು ನಂಬಿದ್ದೇನೆ. ಆ ಎರಡು ಪದಗಳು ವರ್ಣ ಮತ್ತು ಲಿಂಗ. ನಮ್ಮ ಭಾಷೆಯಲ್ಲಿ ಎರಡಕ್ಕೂ ಅರ್ಥಗಳು ಹಲವು. ಇಲ್ಲಿ ವರ್ಣವೆಂದರೆ ಮೈಬಣ್ಣವನ್ನು ನೋಡಿ ಜನಾಂಗವನ್ನು ಬೇರೆ ಮಾಡುವುದು. ಲಿಂಗವೆಂದರೆ ಹೆಣ್ಣು ಗಂಡು ಎಂದು ನೋಡಿ ಕೆಲಸವನ್ನೂ ಕೂಲಿಯನ್ನೂ ಗೊತ್ತುಮಾಡುವುದು.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನೂರು ಜನ ದುಡಿಯುವ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಿ. ತಪಾಸಣೆಗೆ ಬಂದ ಅಧಿಕಾರಿ ಕೇಳುತ್ತಾನೆ: "ನಿಮ್ಮಲ್ಲಿ ಕಪ್ಪು ಜನಾಂಗದವರು ಎಷ್ಟು ಮಂದಿ?" ಮಾಲೀಕ ಹೇಳುತ್ತಾನೆ: "20." "ಹೆಂಗಸರು ಎಷ್ಟು ಮಂದಿ?" "ಅವರೂ 20." ಅಧಿಕಾರಿ ಎರಡು ಪಟ್ಟಿಗಳಿಗೂ ರುಜು ಹಾಕಿ ಹೊರಟುಹೋಗುತ್ತಾನೆ. ಮಾಲೀಕ ಸುಳ್ಳು ಹೇಳಲಿಲ್ಲ. ಆದರೆ ಆ ಕಪ್ಪು ಜನ 20 ಮಂದಿಯೂ ಗಂಡಸರು. ಆ ಹೆಂಗಸರು 20 ಮಂದಿಯೂ ಬಿಳಿಯರು. ಕಪ್ಪು ಹೆಂಗಸರ ಸಂಖ್ಯೆ ಸೊನ್ನೆ. ಎರಡು ನಿಜಗಳು ಸೇರಿ ಒಂದು ಅನ್ಯಾಯವನ್ನು ಮುಚ್ಚಿಬಿಟ್ಟವು. ಅಧಿಕಾರಿ ಮೂರನೆಯ ಪ್ರಶ್ನೆಯನ್ನು ಕೇಳಲಿಲ್ಲ. ಏಕೆಂದರೆ ಅವನ ಕೈಯಲ್ಲಿದ್ದ ಕಾಗದದಲ್ಲಿ ಮೂರನೆಯ ಅಂಕಣವೇ ಇರಲಿಲ್ಲ.

ಇದು ಕೇವಲ ಊಹೆಯಲ್ಲವೆಂಬುದನ್ನು ಮುಂದೆ ನೋಡುತ್ತೀರಿ. ಅದಕ್ಕೆ ಮುನ್ನ ಆ ದೇಶದ ಕಾಯಿದೆಗಳ ಪಟ್ಟಿಗಳು ಹೇಗೆ ಬೆಳೆದವೆಂಬುದನ್ನು ತಿಳಿಯಬೇಕು.

1930ರ ದಶಕದಲ್ಲಿ ಅಮೆರಿಕವು ಘೋರವಾದ ಆರ್ಥಿಕ ಮುಗ್ಗಟ್ಟಿಗೆ ಸಿಕ್ಕಿತ್ತು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಸರ್ಕಾರ ದುಡಿಯುವವರ ರಕ್ಷಣೆಗೆಂದು ಎರಡು ದೊಡ್ಡ ಶಾಸನಗಳನ್ನು ತಂದಿತು. 1935ರ ಸಾಮಾಜಿಕ ಭದ್ರತಾ ಕಾಯಿದೆ ಮುಪ್ಪಿನಲ್ಲಿ ಪಿಂಚಣಿ ದೊರೆಯುವಂತೆ ಮಾಡಿತು. 1938ರ ನ್ಯಾಯವಾದ ದುಡಿಮೆಯ ಕಾಯಿದೆ ಕನಿಷ್ಠ ಕೂಲಿಯನ್ನೂ ದುಡಿಮೆಯ ಅವಧಿಯ ಮಿತಿಯನ್ನೂ ಗೊತ್ತುಮಾಡಿತು. ಈ ಎರಡೂ ವರ್ಣದ ಹೆಸರಿನಲ್ಲಾಗಲಿ, ಹೆಣ್ಣು ಗಂಡೆಂಬ ಹೆಸರಿನಲ್ಲಾಗಲಿ ಯಾರನ್ನೂ ಹೊರಗಿಡಲಿಲ್ಲ. ಓದಿದರೆ ಎಲ್ಲರಿಗೂ ಸಮವೆಂದೇ ತೋರುತ್ತದೆ. ಆದರೆ ಎರಡು ಕಾಯಿದೆಗಳ ವ್ಯಾಪ್ತಿಯಿಂದಲೂ ಎರಡು ಬಗೆಯ ಕೆಲಸಗಳು ಹೊರಗುಳಿದವು: ಒಂದು ಹೊಲಗೆಲಸ, ಇನ್ನೊಂದು ಮನೆಗೆಲಸ. ಆ ಕಾಲದಲ್ಲಿ ದುಡಿಯುತ್ತಿದ್ದ ಕಪ್ಪು ಹೆಂಗಸರಲ್ಲಿ ಬಹುಪಾಲು ಮಂದಿ ಒಂದೋ ಹತ್ತಿಯ ಹೊಲದಲ್ಲಿದ್ದರು, ಇಲ್ಲವೆ ಬಿಳಿಯರ ಮನೆಗಳಲ್ಲಿ ಅಡಿಗೆ ಮಾಡಿ, ಬಟ್ಟೆ ಒಗೆದು, ಮಕ್ಕಳನ್ನು ಸಾಕುತ್ತಿದ್ದರು. ಹೆಸರು ಹಿಡಿದು ಯಾರನ್ನೂ ಹೊರಗಿಡದೆಯೇ ಕಾಯಿದೆ ಅವರನ್ನು ಹೊರಗಿಟ್ಟಿತು. ಮನೆಗೆಲಸದವರಿಗೆ ಆ ದೇಶದಲ್ಲಿ ಕನಿಷ್ಠ ಕೂಲಿಯ ಹಕ್ಕು ದೊರೆತದ್ದು 1974ರಲ್ಲಿ, ಎಂದರೆ 36 ವರ್ಷಗಳಾದ ಮೇಲೆ.

ಆಮೇಲೆ ಮಹಾಯುದ್ಧ ಬಂತು. ಯುದ್ಧ ಸಾಮಗ್ರಿಯ ಕಾರ್ಖಾನೆಗಳಿಗೆ ಸಾವಿರಾರು ಆಳುಗಳು ಬೇಕಾದರು. ಆದರೆ ಕಪ್ಪು ಜನರನ್ನು ಬಾಗಿಲಲ್ಲಿಯೇ ತಡೆಯುತ್ತಿದ್ದರು. ರೈಲ್ವೆಯ ಮಲಗುವ ಗಾಡಿಗಳ ಸೇವಕರ ಸಂಘವನ್ನು ಕಟ್ಟಿದ ಎ. ಫಿಲಿಪ್ ರಾಂಡಾಲ್ಫ್ ಎಂಬ ಧೀಮಂತ ನಾಯಕರು ರಾಜಧಾನಿಗೆ ದೊಡ್ಡ ಮೆರವಣಿಗೆ ತರುವುದಾಗಿ ಎಚ್ಚರಿಕೆ ಕೊಟ್ಟರು. 1941ರ ಜೂನ್ ತಿಂಗಳಲ್ಲಿ ರೂಸ್‌ವೆಲ್ಟರು ಒಂದು ಆಜ್ಞೆ ಹೊರಡಿಸಿ, ಯುದ್ಧೋದ್ಯಮಗಳಲ್ಲಿ ಜನಾಂಗ, ಮತ, ವರ್ಣ, ಮೂಲದೇಶ ಇವುಗಳ ಕಾರಣದಿಂದ ಭೇದ ಮಾಡಕೂಡದೆಂದರು. ನಾಲ್ಕು ಪದಗಳ ಪಟ್ಟಿ; ಅದರಲ್ಲಿ ಲಿಂಗವಿಲ್ಲ. 1963ರಲ್ಲಿ ಸಮಾನ ವೇತನದ ಕಾಯಿದೆ ಬಂತು. ಅದರಲ್ಲಿ ಲಿಂಗವಿದೆ, ವರ್ಣವಿಲ್ಲ. ಮೇಲಾಗಿ ಅದನ್ನು ಹೊಲಿದಿದ್ದು 1938ರ ಕಾಯಿದೆಯ ಸೆರಗಿಗೇ. ಅಲ್ಲಿ ಹೊರಗಿದ್ದ ಮನೆಗೆಲಸದಾಕೆ ಇಲ್ಲಿಯೂ ಹೊರಗೇ ಉಳಿದಳು.

ಇಂಥ ಬದುಕು ನಿತ್ಯದ ನೌಕರಿಯಲ್ಲಿ ಹೇಗಿತ್ತೆಂಬುದಕ್ಕೆ ಮೇರಿ ಜಾಕ್ಸನ್ ಎಂಬಾಕೆಯ ನಿದರ್ಶನ ಒಂದೇ ಸಾಕು. ವರ್ಜೀನಿಯ ಸಂಸ್ಥಾನದ ಹ್ಯಾಂಪ್ಟನ್ ಪಟ್ಟಣದಲ್ಲಿ ಲ್ಯಾಂಗ್ಲೆ ಎಂಬ ವಿಮಾನ ಸಂಶೋಧನಾಲಯವಿದೆ. ಗಣಕಯಂತ್ರಗಳು ಇನ್ನೂ ಬಂದಿರದ ಆ ದಿನಗಳಲ್ಲಿ ಉದ್ದುದ್ದ ಲೆಕ್ಕಗಳನ್ನು ಕೈಯಲ್ಲಿ ಮಾಡುವ ಕೆಲಸಕ್ಕೆ ಅಲ್ಲಿ ಹೆಂಗಸರನ್ನು ಇಟ್ಟುಕೊಳ್ಳುತ್ತಿದ್ದರು. 1943ರಿಂದ ಕಪ್ಪು ಹೆಂಗಸರಿಗೂ ಆ ಕೆಲಸ ಸಿಕ್ಕಿತು. ಆದರೆ ಅವರು ಕುಳಿತುಕೊಳ್ಳುವ ಕೋಣೆ ಬೇರೆ, ಊಟದ ಮೇಜು ಬೇರೆ. 1951ರಲ್ಲಿ ಅಲ್ಲಿಗೆ ಸೇರಿದ ಮೇರಿ ಜಾಕ್ಸನ್ನರ ಬುದ್ಧಿಯನ್ನು ಕಂಡು ಮೇಲಿನ ಅಧಿಕಾರಿಯೊಬ್ಬರು ಎಂಜಿನಿಯರ್ ಆಗಲು ಓದಿರೆಂದು ಹೇಳಿದರು. ಹೆಂಗಸರು ಎಂಜಿನಿಯರ್ ಆಗುವುದೇ ಅಪೂರ್ವವಾಗಿದ್ದ ಕಾಲ. ಅದು ಒಂದು ಗೋಡೆ. ಸಂಜೆಯ ಪಾಠಗಳು ನಡೆಯುತ್ತಿದ್ದದ್ದು ಬಿಳಿಯರಿಗೆ ಮಾತ್ರ ಮೀಸಲಾದ ಹೈಸ್ಕೂಲಿನ ಕಟ್ಟಡದಲ್ಲಿ. ಅದು ಎರಡನೆಯ ಗೋಡೆ. ಆಕೆ ಪಟ್ಟಣದ ಅಧಿಕಾರಿಗಳಿಂದ ವಿಶೇಷ ಅಪ್ಪಣೆ ಪಡೆದು ಆ ತರಗತಿಯಲ್ಲಿ ಕುಳಿತು ಓದಿ, 1958ರಲ್ಲಿ ಎಂಜಿನಿಯರ್ ಆದರು. ಮೇಷ್ಟರಾದ ನನಗೆ ಈ ಸಂಗತಿಯಲ್ಲಿ ಮನಸ್ಸು ಹಿಡಿದು ನಿಲ್ಲಿಸುವ ಭಾಗ ಯಾವುದೆಂದರೆ, ಪಾಠ ಕೇಳುವುದಕ್ಕೂ ಒಬ್ಬಾಕೆ ಅರ್ಜಿ ಬರೆದುಕೊಳ್ಳಬೇಕಾಯಿತಲ್ಲಾ ಎಂಬುದು. 1979ರಲ್ಲಿ ಆಕೆ ತಮ್ಮ ದರ್ಜೆಯನ್ನು ತಾವೇ ತಗ್ಗಿಸಿಕೊಂಡು, ಇತರ ಹೆಂಗಸರಿಗೆ ನೇಮಕ, ಬಡ್ತಿಗಳು ದೊರೆಯುವಂತೆ ನೋಡಿಕೊಳ್ಳುವ ಹುದ್ದೆಗೆ ಹೋದರು. ವಾಷಿಂಗ್‌ಟನ್ನಿನಲ್ಲಿರುವ ನಾಸಾ ಸಂಸ್ಥೆಯ ಪ್ರಧಾನ ಕಚೇರಿಗೆ ಈಗ ಆಕೆಯ ಹೆಸರಿದೆ.

ಎರಡು ಗೋಡೆಗಳನ್ನೂ ಬೇರೆ ಬೇರೆಯಾಗಿ ಹಣೆಯಲ್ಲಿ ಬಡಿಸಿಕೊಂಡು, ಅವು ಒಂದೇ ಕಟ್ಟಡದ ಗೋಡೆಗಳೆಂದು ಕಂಡುಕೊಂಡ ಇನ್ನೊಬ್ಬರು ಪಾಲಿ ಮರ್ರಿ. 1910ರಲ್ಲಿ ಹುಟ್ಟಿ, ಉತ್ತರ ಕೆರೊಲಿನದ ಡರ್‌ಹಮ್ಮಿನಲ್ಲಿ ಬೆಳೆದವರು. 1938ರಲ್ಲಿ ಉತ್ತರ ಕೆರೊಲಿನ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದರು. ಕಪ್ಪು ಜನಾಂಗದವರಿಗೆ ಪ್ರವೇಶವಿಲ್ಲವೆಂಬ ಉತ್ತರ ಬಂತು. ಹೊವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದಿ 1944ರಲ್ಲಿ ತರಗತಿಗೇ ಮೊದಲಿಗರಾಗಿ ತೇರ್ಗಡೆಯಾದರು. ಮೇಲಿನ ವ್ಯಾಸಂಗಕ್ಕೆ ಹಾರ್ವರ್ಡಿಗೆ ಬರೆದುಕೊಂಡರೆ, ಹೆಂಗಸರಿಗೆ ಪ್ರವೇಶವಿಲ್ಲವೆಂಬ ಉತ್ತರ ಬಂತು. ಆರು ವರ್ಷಗಳ ಅಂತರದಲ್ಲಿ ಬಂದ ಎರಡು ಕಾಗದಗಳು, ಓದುವವರು ಒಬ್ಬರೇ. 1940ರಲ್ಲಿ ವರ್ಜೀನಿಯದ ಬಸ್ಸೊಂದರಲ್ಲಿ ಹಿಂದಿನ ಮುರಿದ ಆಸನಕ್ಕೆ ಹೋಗಲೊಪ್ಪದೆ ಸೆರೆಯಾದಾಗ ಗಾಂಧೀಜಿಯವರ ಸತ್ಯಾಗ್ರಹದ ಮಾರ್ಗ ಅವರ ಮನಸ್ಸಿನಲ್ಲಿತ್ತು. ದಂಡಿ ಯಾತ್ರೆಯಲ್ಲಿ ನಡೆದಿದ್ದ ಕೃಷ್ಣಲಾಲ್ ಶ್ರೀಧರಾಣಿಯವರು ಸತ್ಯಾಗ್ರಹವನ್ನು ಕುರಿತು ಬರೆದ ಪುಸ್ತಕವನ್ನು ಅವರು ಓದಿಕೊಂಡಿದ್ದರು. ನಮ್ಮ ದೇಶದ ಉಪ್ಪಿನ ರುಚಿ ಅಲ್ಲಿಯವರೆಗೆ ಹೋಗಿತ್ತು.

1964ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ನಾಗರಿಕ ಹಕ್ಕುಗಳ ಮಸೂದೆ ಬಂತು. ಅದರ ಏಳನೆಯ ಅಧ್ಯಾಯ ಉದ್ಯೋಗಕ್ಕೆ ಸಂಬಂಧಿಸಿದ್ದು. ಮೊದಲ ಕರಡಿನಲ್ಲಿದ್ದದ್ದು ಜನಾಂಗ, ವರ್ಣ, ಮತ, ಮೂಲದೇಶ ಎಂಬ ಹಳೆಯ ಪದಗಳೇ. ಫೆಬ್ರವರಿ 8ರಂದು ವರ್ಜೀನಿಯದ ಹೊವರ್ಡ್ ಸ್ಮಿತ್ ಎಂಬ ಸದಸ್ಯರು ಎದ್ದು ಪಟ್ಟಿಗೆ ಲಿಂಗವೆಂಬ ಪದವನ್ನೂ ಸೇರಿಸಬೇಕೆಂದರು. ಆತ ಮಸೂದೆಯ ಕಡುವಿರೋಧಿ. ಮಸೂದೆಯನ್ನು ಮುಳುಗಿಸಲೆಂದು ಈ ಭಾರ ಹೇರಿದರೋ, ನಿಜವಾಗಿಯೇ ಹೇಳಿದರೋ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಸಭೆಯಲ್ಲಿ ನಗು ಎದ್ದಿತು. ಆದರೆ ಮಾರ್ಥಾ ಗ್ರಿಫಿತ್ಸ್ ಮೊದಲಾದ ಮಹಿಳಾ ಸದಸ್ಯರು ನಗುವನ್ನು ಬದಿಗೊತ್ತಿ ವಾದಿಸಿದರು, ತಿದ್ದುಪಡಿ ಗೆದ್ದಿತು. ಮಸೂದೆ ಮೇಲ್ಮನೆಗೆ ಹೋದಾಗ ಆ ಪದವನ್ನು ಕಿತ್ತುಹಾಕುವ ಮಾತು ಬಂತು. ಆಗ ಪಾಲಿ ಮರ್ರಿ ಒಂದು ಮನವಿಯನ್ನು ಬರೆದು ಹಂಚಿದರು. ಅದರ ಸಾರ ಇದು: ವರ್ಣವೆಂಬ ಪದವೊಂದೇ ಇದ್ದರೆ ಕಾಯಿದೆ ಕಪ್ಪು ಜನರಲ್ಲಿ ಅರ್ಧ ಮಂದಿಗಷ್ಟೇ ಮುಟ್ಟುತ್ತದೆ, ಏಕೆಂದರೆ ಕಪ್ಪು ಹೆಂಗಸಿಗೆ ಕೆಲಸ ತಪ್ಪಿದಾಗ ಅದು ಬಣ್ಣದಿಂದಲೋ ಹೆಣ್ಣುತನದಿಂದಲೋ ಎಂದು ಬೇರ್ಪಡಿಸುವುದು ಎಷ್ಟೋ ಬಾರಿ ಅಸಾಧ್ಯ. ಪದ ಉಳಿಯಿತು. ಜುಲೈ 2ರಂದು ಅಧ್ಯಕ್ಷ ಜಾನ್‌ಸನ್ನರು ರುಜು ಹಾಕಿದರು.

ಇನ್ನು ಕಷ್ಟ ಕಳೆಯಿತೆಂದು ನೀವು ಭಾವಿಸಬಹುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಪಟ್ಟಿಯಲ್ಲಿ ಎರಡು ಪದಗಳೂ ಇದ್ದವು. ಆದರೆ ಅವೆರಡರ ನಡುವೆ ನಿಂತವರ ಗತಿಯೇನೆಂಬುದು ಮುಂದಿನ ಹನ್ನೆರಡು ವರ್ಷಗಳಲ್ಲಿ ತಿಳಿಯಿತು.

ಮಿಸೌರಿ ಸಂಸ್ಥಾನದ ಸೇಂಟ್ ಲೂಯಿಸ್ ನಗರದಲ್ಲಿ ಜನರಲ್ ಮೋಟರ್ಸ್ ಕಂಪೆನಿಯ ಮೋಟಾರು ಜೋಡಿಸುವ ಕಾರ್ಖಾನೆಯಿತ್ತು. ಅಲ್ಲಿ 1964ಕ್ಕೆ ಮುನ್ನ ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲವೆಂದು ಆಮೇಲೆ ಈ ಮೊಕದ್ದಮೆಯನ್ನು ವಿವೇಚಿಸಿದವರು ಬರೆದಿದ್ದಾರೆ. ಕಾಯಿದೆ ಬಂದ ಮೇಲೆ ಅವರಿಗೆ ಬಾಗಿಲು ತೆರೆಯಿತು. ಅಷ್ಟರಲ್ಲಿ 1970ರ ದಶಕದ ಮಂದಗತಿ ಬಂತು. ಮೋಟಾರುಗಳ ಮಾರಾಟ ಇಳಿಯಿತು. 1974ರಲ್ಲಿ ಕಂಪೆನಿ ಆಳುಗಳನ್ನು ಕಡಿಮೆ ಮಾಡಿತು. ಅಲ್ಲಿಯ ನಿಯಮ, ಕಡೆಗೆ ಸೇರಿದವರು ಮೊದಲು ಹೋಗತಕ್ಕದ್ದು. ನೋಡುವುದಕ್ಕೆ ಬಹು ನ್ಯಾಯವಾದ ನಿಯಮ. ಅದರಲ್ಲಿ ಬಣ್ಣವಿಲ್ಲ, ಹೆಣ್ಣು ಗಂಡಿಲ್ಲ. ಆದರೆ ಕಡೆಗೆ ಸೇರಿದವರು ಯಾರು? ಅದುವರೆಗೆ ಬಾಗಿಲಲ್ಲಿ ನಿಲ್ಲಿಸಿದ್ದವರೇ ತಾನೆ! 1970ರ ಅನಂತರ ಸೇರಿದ್ದ ಕಪ್ಪು ಹೆಂಗಸರೆಲ್ಲರೂ ಕೆಲಸ ಕಳೆದುಕೊಂಡರು. ನೆನ್ನೆಯ ಅನ್ಯಾಯಕ್ಕೆ ಇಂದಿನ ನ್ಯಾಯವೇ ಕೈಗೂಡಿಸಿತು.

ಎಮ್ಮಾ ಡಿಗ್ರಾಫನ್‌ರೀಡ್ ಮತ್ತು ನಾಲ್ವರು ಹೆಂಗಸರು ಸೇರಿ ನ್ಯಾಯಾಲಯಕ್ಕೆ ಹೋದರು. "ನಾವು ಕಪ್ಪು ಹೆಂಗಸರು, ಆ ಕಾರಣಕ್ಕಾಗಿಯೇ ನಮಗೆ ಈ ಗತಿ ಬಂದಿದೆ" ಎಂಬುದು ಅವರ ವಾದ. 1976ರಲ್ಲಿ ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟಿತು. ಹೆಂಗಸರೆಂದು ಭೇದ ಮಾಡಿದರೆಂಬ ವಾದ ನಿಲ್ಲಲಿಲ್ಲ. ಏಕೆಂದರೆ ಕಂಪೆನಿ 1964ಕ್ಕೂ ಹಿಂದಿನಿಂದ ಹೆಂಗಸರನ್ನು ಸೇರಿಸಿಕೊಳ್ಳುತ್ತಿತ್ತು. ಆ ಹೆಂಗಸರು ಬಿಳಿಯರು. ವರ್ಣದ ದೂರಿನ ವಿಷಯದಲ್ಲಿ, ಅದೇ ಕಂಪೆನಿಯ ಮೇಲೆ ಕಪ್ಪು ಜನರು ಹೂಡಿದ್ದ ಇನ್ನೊಂದು ಮೊಕದ್ದಮೆಯೊಡನೆ ಸೇರಿಸಿಕೊಳ್ಳಬಹುದೆಂಬ ಸೂಚನೆ ಬಂತು. ಇವರೋ ಹಾಗೆ ಸೇರಿಹೋಗಲು ಬಂದವರಲ್ಲ. ತಮ್ಮ ಕಷ್ಟವೇ ಬೇರೆ ಎಂದು ಹೇಳಲು ಬಂದವರು. ಎರಡನ್ನೂ ಕೂಡಿಸಿ ನೋಡಿರೆಂದರೆ, ಹಾಗೆ ಹೊಸದೊಂದು ವರ್ಗವನ್ನು ಸೃಷ್ಟಿಸಲು ಕಾಯಿದೆಯಲ್ಲಿ ಅವಕಾಶವಿಲ್ಲ, ಒಂದಕ್ಕೆ ಅವಕಾಶ ಕೊಟ್ಟರೆ ಇಂಥ ವರ್ಗಗಳಿಗೆ ಕೊನೆಯಿರದು ಎಂದು ನ್ಯಾಯಾಧೀಶರು ಹೇಳಿದರು. ಹೆಂಗಸರೆಂದು ಬರಬಹುದು, ಕಪ್ಪು ಜನರೆಂದು ಬರಬಹುದು, ಎರಡೂ ಆಗಿ ಬರಕೂಡದು! ಮದ್ದಳೆಯ ಹಾಗೆ ಎರಡು ಮಗ್ಗುಲಿಗೂ ಪೆಟ್ಟು ತಿಂದವರಿಗೆ, ಯಾವುದಾದರೂ ಒಂದು ಮಗ್ಗುಲ ನೋವನ್ನು ಮಾತ್ರ ಹೇಳಿಕೊಳ್ಳಿರೆಂದಂತಾಯಿತು.

ಇಲ್ಲಿ ನನ್ನ ವ್ಯಾಕರಣಕ್ಕೆ ಸ್ವಲ್ಪ ಎಡೆ ಕೊಡಿ. 'ಊರು' ಎಂಬುದಕ್ಕೆ 'ಅಲ್ಲಿ' ಸೇರಿದರೆ 'ಊರಲ್ಲಿ' ಎಂದಾಗುತ್ತದೆ. ಮೊದಲ ಪದದ ಕೊನೆಯ ಸ್ವರ ಅಳಿಸಿಹೋಯಿತು, ಇದು ಲೋಪಸಂಧಿ. 'ಮನೆ' ಎಂಬುದಕ್ಕೆ 'ಅಲ್ಲಿ' ಸೇರಿದರೆ 'ಮನೆಯಲ್ಲಿ' ಎಂದಾಗುತ್ತದೆ. ಈ ಯಕಾರ ಎಲ್ಲಿಂದ ಬಂತು? 'ಮನೆ'ಯಲ್ಲಿ ಹುಡುಕಿ, ಇಲ್ಲ. 'ಅಲ್ಲಿ'ಯಲ್ಲಿ ಹುಡುಕಿ, ಇಲ್ಲ. ಎರಡೂ ಕೂಡಿದ ಜಾಗದಲ್ಲಿ ಅದು ಹೊಸದಾಗಿ ಹುಟ್ಟಿತು, ಇದು ಆಗಮಸಂಧಿ. ಸೇಂಟ್ ಲೂಯಿಸಿನ ಹೆಂಗಸರು ತೋರಿಸಿದ ಅನ್ಯಾಯ ಆ ಯಕಾರದಂಥದು. ಬಿಳಿಯ ಹೆಂಗಸರ ಅನುಭವದಲ್ಲಿ ಹುಡುಕಿದರೆ ಅದು ಸಿಕ್ಕುವುದಿಲ್ಲ. ಕಪ್ಪು ಗಂಡಸರ ಅನುಭವದಲ್ಲಿ ಹುಡುಕಿದರೂ ಸಿಕ್ಕುವುದಿಲ್ಲ. ನ್ಯಾಯಾಧೀಶರು ಪದಗಳನ್ನು ಬಿಡಿಸಿ ಬಿಡಿಸಿ ನೋಡಿದರು. ಬಿಡಿಸಿದೊಡನೆಯೇ ಯಕಾರ ಮಾಯವಾಯಿತು. ಇಲ್ಲವೆಂದು ಬರೆದರು.

1977ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಸೇವಾ ಹಿರಿತನದ ನಿಯಮವನ್ನು ಎತ್ತಿಹಿಡಿದು ಆ ಹೆಂಗಸರಿಗೆ ವಿರೋಧವಾಗಿಯೇ ತೀರ್ಮಾನಿಸಿತು. ಆದರೆ ವರ್ಣ ಲಿಂಗಗಳನ್ನು ಕೂಡಿಸಲಾಗದೆಂಬ ಕೆಳಗಿನ ನ್ಯಾಯಾಲಯದ ವಾದಸರಣಿಯನ್ನು ತಾನು ಪೂರ್ತಿಯಾಗಿ ಒಪ್ಪುವುದಿಲ್ಲವೆಂದಿತು. 1980ರಲ್ಲಿ ಟೆಕ್ಸಸಿನ ಹ್ಯಾರಿಸ್ ಕೌಂಟಿಯ ಒಂದು ಸೇವಾಸಂಸ್ಥೆಯ ಉದ್ಯೋಗಿಯ ಮೊಕದ್ದಮೆಯಲ್ಲಿ ಇನ್ನೊಂದು ಮೇಲ್ಮನವಿಯ ನ್ಯಾಯಾಲಯ ಸ್ಪಷ್ಟವಾಗಿ ನುಡಿಯಿತು: ಕಪ್ಪು ಗಂಡಸರಿಗೂ ಬಿಳಿಯ ಹೆಂಗಸರಿಗೂ ಅನ್ಯಾಯವಾಗದಿದ್ದರೂ ಕಪ್ಪು ಹೆಂಗಸರಿಗೆ ಅನ್ಯಾಯವಾಗಿರಬಹುದು. ಯಕಾರವನ್ನು ನ್ಯಾಯಾಲಯ ಕೊನೆಗೂ ಕಂಡಿತು. 1989ರಲ್ಲಿ ಕಾನೂನಿನ ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ ಅವರು ಈ ತೀರ್ಪುಗಳನ್ನೆಲ್ಲ ಎದುರಿಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ರಸ್ತೆಗಳು ಕೂಡುವ ಚೌಕದಲ್ಲಿ ನಿಂತವನಿಗೆ ಯಾವ ಕಡೆಯ ಗಾಡಿಯಾದರೂ ಬಡಿಯಬಹುದು, ಎಲ್ಲ ಕಡೆಯವೂ ಒಟ್ಟಿಗೆ ಬಡಿಯಬಹುದು ಎಂಬುದು ಅವರು ಕೊಟ್ಟ ಉಪಮಾನ. ಆ ಹೋಲಿಕೆಯಿಂದಲೇ ಈ ವಿಚಾರಕ್ಕೆ ಇಂಗ್ಲಿಷಿನಲ್ಲಿ ಹೆಸರು ಬಂದಿದೆ.

ಆ ನ್ಯಾಯಾಧೀಶರ ಭಯವನ್ನು ನಾವು ಸುಮ್ಮನೆ ತಳ್ಳಿಹಾಕಬಾರದು. ಹೀಗೆ ಕೂಡಿಸುತ್ತ ಹೋದರೆ ವರ್ಗಗಳಿಗೆ ಮಿತಿಯೆಲ್ಲಿ, ಕಚೇರಿಯ ಕಡತಗಳಿಗೆ ಕೊನೆಯೆಲ್ಲಿ ಎಂದು ವಿವೇಕಿಗಳೂ ಕೇಳುತ್ತಾರೆ. ನನಗೆ ತೋರುವ ಉತ್ತರ ಇಷ್ಟು. ಆ ಹೆಂಗಸರು ಹೊಸದೊಂದು ಹಕ್ಕನ್ನು ಕೇಳಲಿಲ್ಲ. ಕಾಯಿದೆಯಲ್ಲಿ ಆಗಲೇ ಇದ್ದ ಎರಡು ಪದಗಳನ್ನು ಒಬ್ಬರ ವಿಷಯದಲ್ಲಿ ಒಟ್ಟಿಗೆ ಓದಿರೆಂದು ಕೇಳಿದರು. ಒಟ್ಟಿಗೆ ಓದಿದರೆ ತೀರ್ಪು ಕಷ್ಟವಾಗಬಹುದು. ಕಷ್ಟವೆಂಬುದು ಓದದಿರುವುದಕ್ಕೆ ಕಾರಣವಾಗದು. ಮುಖ್ಯವಾಗಿ, ಕೂಡಿಸುವ ಕೆಲಸವನ್ನು ಕಾಯಿದೆಗಿಂತ ಮೊದಲು ಮಾಲೀಕನೇ ಮಾಡಿರುತ್ತಾನೆ. ಬಾಗಿಲಲ್ಲಿ ನಿಲ್ಲಿಸುವಾಗ ಅವನು ಎರಡನ್ನೂ ಒಟ್ಟಿಗೇ ನೋಡಿದ್ದಾನೆ. ಅವನು ಕಟ್ಟಿದ ಗಂಟನ್ನೇ ನ್ಯಾಯಾಲಯವೂ ನೋಡಬೇಕು.

ಕಾಯಿದೆಯ ಪದಗಳು ಶಾಶ್ವತವೆಂದೂ ತಿಳಿಯಬಾರದು. 1965ರಲ್ಲಿ ಅಧ್ಯಕ್ಷ ಜಾನ್‌ಸನ್ನರು, ಸರ್ಕಾರದ ಗುತ್ತಿಗೆ ಪಡೆಯುವ ಕಂಪೆನಿಗಳು ಭೇದವೆಣಿಸದೆ ನೌಕರಿ ಕೊಡಬೇಕೆಂದು ಆಜ್ಞೆ ಮಾಡಿದರು. ಅದರಲ್ಲಿಯೂ ಲಿಂಗವೆಂಬ ಪದವಿರಲಿಲ್ಲ, 1967ರಲ್ಲಿ ಸೇರಿಸಿದರು. ಸುಮಾರು ಅರುವತ್ತು ವರ್ಷ ನಡೆದ ಆ ಆಜ್ಞೆಯನ್ನು 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪರು ಒಂದೇ ರುಜುವಿನಿಂದ ರದ್ದುಮಾಡಿದರು. 1964ರ ಕಾಯಿದೆ ಉಳಿದಿದೆ. ಅಧ್ಯಕ್ಷನ ಆಜ್ಞೆಯಿಂದ ಬಂದದ್ದು ಇನ್ನೊಬ್ಬ ಅಧ್ಯಕ್ಷನ ಆಜ್ಞೆಯಿಂದ ಹೋಗುತ್ತದೆ. ಶಾಸನಸಭೆಯ ಮತದಿಂದ ಬಂದದ್ದನ್ನು ತೆಗೆಯಲು ಮತ್ತೆ ಶಾಸನಸಭೆಯೇ ಬೇಕು. ಸಾರ್ವಜನಿಕ ನೀತಿಯ ಈ ಪಾಠ ಎಲ್ಲ ದೇಶಗಳಿಗೂ ಸಲ್ಲುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. ಅಮೆರಿಕದ ವರ್ಣಭೇದ ಬೇರೆ, ನಮ್ಮ ಜಾತಿಭೇದ ಬೇರೆ. ಹುಟ್ಟಿದ ಬಗೆ ಬೇರೆ, ಬೆಳೆದ ಬಗೆ ಬೇರೆ. ಒಂದನ್ನು ಇನ್ನೊಂದರ ಹೆಸರಿನಿಂದ ಕರೆದು ಸುಮ್ಮನಾಗುವುದು ಸರಿಯಲ್ಲ. ಆದರೆ ಎರಡು ಪಟ್ಟಿಗಳ ನಡುವಿನ ಪ್ರಶ್ನೆ ನಮ್ಮ ಮುಂದೆಯೂ ಇತ್ತು, ಅದಕ್ಕೆ ನಾವು ಕಂಡುಕೊಂಡ ಒಂದು ಉಪಾಯ ಗಮನಿಸತಕ್ಕದ್ದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ, ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಕೊಟ್ಟಿತು. ಅಷ್ಟಕ್ಕೇ ನಿಂತಿದ್ದರೆ ಆ ಸ್ಥಾನಗಳೆಲ್ಲ ಊರಿನ ಅನುಕೂಲಸ್ಥ ಮನೆತನಗಳ ಹೆಂಗಸರಿಗೆ, ಪರಿಶಿಷ್ಟರ ಸ್ಥಾನಗಳೆಲ್ಲ ಪರಿಶಿಷ್ಟ ಗಂಡಸರಿಗೆ ಹೋಗಬಹುದಾಗಿತ್ತು. ಅದಕ್ಕಾಗಿ ಅದೇ ವಿಧಿಯಲ್ಲಿ ಇನ್ನೊಂದು ಮಾತು ಬರೆದರು: ಪರಿಶಿಷ್ಟ ಜಾತಿ ಪಂಗಡಗಳಿಗೆ ಮೀಸಲಾದ ಸ್ಥಾನಗಳಲ್ಲಿಯೂ ಮೂರರಲ್ಲೊಂದು ಭಾಗ ಆ ಜಾತಿ ಪಂಗಡಗಳ ಹೆಂಗಸರಿಗೇ ಸಲ್ಲತಕ್ಕದ್ದು. ಮೂರನೆಯ ಅಂಕಣ ಬಂತು. ನಮ್ಮ ರಾಜ್ಯ 1987ರ ಚುನಾವಣೆಯಲ್ಲಿಯೇ ಹೆಂಗಸರಿಗೆ ಕಾಲು ಭಾಗ ಸ್ಥಾನವಿಟ್ಟಿತ್ತು; 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು.

ಸರ್ಕಾರಿ ನೇಮಕಗಳಲ್ಲಿಯೂ ಇದೇ ಕ್ರಮ. 1992ರ ಮಂಡಲ್ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮೀಸಲಾತಿಯನ್ನು ಲಂಬ, ಸಮತಲ ಎಂದು ಎರಡು ಬಗೆಯಾಗಿ ವಿವರಿಸಿತು. ನೇಕಾರರ ಮಾತಿನಲ್ಲಿ ಹೇಳುವುದಾದರೆ ಒಂದು ಹಾಸು, ಇನ್ನೊಂದು ಹೊಕ್ಕು. ಜಾತಿವರ್ಗಗಳ ನೂಲು ಉದ್ದಕ್ಕೆ ಹೋದರೆ, ಹೆಂಗಸರ ನೂಲು ಅಡ್ಡಲಾಗಿ ಪ್ರತಿಯೊಂದು ವರ್ಗವನ್ನೂ ಹಾದುಹೋಗುತ್ತದೆ. ಕರ್ನಾಟಕದ ಸಿವಿಲ್ ಸೇವೆಯ ನೇರ ನೇಮಕಗಳಲ್ಲಿ ಹೆಂಗಸರಿಗಿರುವ ಶೇಕಡ 33ರ ಪಾಲು ಹೀಗೆ ಪ್ರತಿ ವರ್ಗದೊಳಗೂ ಬೇರೆಯಾಗಿ ಎಣಿಕೆಯಾಗುವಂಥದು. 2021ರ ಏಪ್ರಿಲ್ಲಿನಲ್ಲಿ, ಪರಿಶಿಷ್ಟ ಜಾತಿಗೆ ಸೇರಿದ ಅಂಧ ಯುವತಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಕ್ರೆನ್‌ಶಾ ಅವರ ವಿಚಾರವನ್ನು ಉಲ್ಲೇಖಿಸಿ, ಹೆಣ್ಣುತನ, ಜಾತಿ, ಅಂಗವೈಕಲ್ಯ ಇವನ್ನು ಬಿಡಿಬಿಡಿಯಾಗಿ ನೋಡಿದರೆ ಅವಳ ಸ್ಥಿತಿ ಕಾಣುವುದಿಲ್ಲವೆಂಬುದನ್ನು ವಿಸ್ತಾರವಾಗಿ ಚರ್ಚಿಸಿತು.

ಹಾಗಾದರೆ ನಾವು ಗೆದ್ದೆವೇ? ಪಂಚಾಯಿತಿಯ ಕುರ್ಚಿಯಲ್ಲಿ, ಕಚೇರಿಯ ಮೇಜಿನಲ್ಲಿ ಲೆಕ್ಕ ಸರಿಯಾಗಬಹುದು. ಆದರೆ ಮೀಸಲಾತಿ ಹೋಗದ ಕಡೆಗಳಲ್ಲಿ ದುಡಿಯುವ ಹೆಂಗಸರೇ ಹೆಚ್ಚು. ಬೆಳಗಿನ ಜಾವ ನಮ್ಮ ಬೀದಿಗಳನ್ನು ಗುಡಿಸುವ ಪೌರಕಾರ್ಮಿಕ ಹೆಂಗಸರನ್ನು ನೋಡಿ. ಅವರಲ್ಲಿ ಬಹು ಮಂದಿ ಯಾವ ಜಾತಿಗಳಿಂದ ಬಂದವರೆಂದು ನಾನು ಹೇಳಬೇಕಾಗಿಲ್ಲ. ಅಮೆರಿಕದ 1935ರ, 1938ರ ಕಾಯಿದೆಗಳು ಹೊರಗಿಟ್ಟ ಮನೆಗೆಲಸದಾಕೆಯನ್ನು ನೆನೆದುಕೊಳ್ಳಿ. ನಮ್ಮ ರಾಜ್ಯ ಮನೆಗೆಲಸಕ್ಕೆ ಕನಿಷ್ಠ ಕೂಲಿಯನ್ನು ಗೊತ್ತುಮಾಡಿದ್ದು 2004ರಲ್ಲಿ. ಸರ್ಕಾರ ದರವನ್ನು ಗೊತ್ತುಮಾಡಬಹುದು. ಆದರೆ ಪ್ರತಿ ಮನೆಯ ಹಿತ್ತಿಲ ಬಾಗಿಲಲ್ಲಿ ಅಧಿಕಾರಿಯನ್ನು ನಿಲ್ಲಿಸಲಾಗದು. ಅಲ್ಲಿ ತಪಾಸಣೆಯ ಅಧಿಕಾರಿಗಳು ನಾವೇ, ಮಾಲೀಕರೂ ನಾವೇ.

ರೇಡಿಯೋ ಇರುವ ಮನೆಗಳಲ್ಲಿ ಎಷ್ಟೋ ಮನೆಗಳಿಗೆ ಬೆಳಗ್ಗೆ ಒಬ್ಬಾಕೆ ಬಂದು ಪಾತ್ರೆ ಬೆಳಗಿ, ನೆಲ ಸಾರಿಸಿ ಹೋಗುತ್ತಾಳೆ. ನಮಗೆ ಅದು ಮನೆ. ಆಕೆಗೆ ಅದು ಕೆಲಸದ ಸ್ಥಳ. ಅಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿದರೆ ನಾವು ಸುಲಭವಾಗಿ ಪಾಸಾಗುತ್ತೇವೆ. "ಹೆಂಗಸರನ್ನು ಗೌರವದಿಂದ ಕಾಣುತ್ತೀರಾ?" "ಕಾಣದೆ ಏನು, ಮನೆಯ ಯಜಮಾನಿಯ ಮಾತು ನಡೆಯುತ್ತದೆ." "ಜಾತಿಭೇದ ಮಾಡುತ್ತೀರಾ?"  "ಎಲ್ಲಿಯ ಮಾತು, ಎಲ್ಲ ಜಾತಿಯ ಸ್ನೇಹಿತರೂ ಬಂದು ಊಟಮಾಡಿ ಹೋಗುತ್ತಾರೆ." ಮೂರನೆಯ ಪ್ರಶ್ನೆಯನ್ನು ಒಟ್ಟಿಗೆ ಕೇಳಿಕೊಳ್ಳಿ. ಪಾತ್ರೆ ಬೆಳಗುವಾಕೆಗೆ ಕಾಫಿ ಕೊಡುವ ಲೋಟ ಯಾವುದು, ಅದು ಎಲ್ಲಿರುತ್ತದೆ? ವಾರಕ್ಕೊಂದು ದಿನ ರಜವುಂಟೇ? ಬಾಣಂತನಕ್ಕೆ ಹೋದರೆ ಮರಳಿ ಬಂದಾಗ ಕೆಲಸವಿರುತ್ತದೆಯೇ? ಸಂಬಳ ಕೊಡುವ ತಾರೀಖು ಯಾವುದು, ಪಾತ್ರೆ ಒಡೆದರೆ ಅದರಲ್ಲಿ ಮುರಿದುಕೊಳ್ಳುತ್ತೇವೆಯೇ?

ಸೇಂಟ್ ಲೂಯಿಸಿನ ಐವರು ಹೆಂಗಸರು ತಮ್ಮ ಮೊಕದ್ದಮೆಯನ್ನು ಸೋತರು. ಆದರೆ ಅವರು ಕೇಳಿದ ಪ್ರಶ್ನೆ ಸೋಲಲಿಲ್ಲ. ಅದು ಸಮುದ್ರ ದಾಟಿ ದೆಹಲಿಯ ನ್ಯಾಯಾಲಯದವರೆಗೆ ಬಂದಿದೆ. ಅಲ್ಲಿಂದ ನಮ್ಮ ಹಿತ್ತಿಲ ಬಾಗಿಲಿಗೆ ಬರುವುದು ನಮಗೆ ಬಿಟ್ಟದ್ದು. ನಾಳೆ ಬೆಳಗ್ಗೆ ಆಕೆ ಬಂದಾಗ ಲೋಟವನ್ನು ಒಮ್ಮೆ ನೋಡಿ.